ಫ್ರಿಜ್ಜಿನಲ್ಲಿ ಉಳಿದ ಇಂಜೆಕ್ಷನ್

ಆಪರೇಷನ್ ಆಗಿ ಮನೆಗೆ ಬಂದವರನ್ನು ನೋಡಲು ಬರುವವರೆಲ್ಲ ಹೇಳುವುದು ಒಂದೇ: ರಕ್ತ ಕಮ್ಮಿಯಾಗಿದೆ, ಏನಾದರೂ ಕೊಡಿ. ಕೊತ್ತತ್ತಿಯ ನಮ್ಮ ಮನೆಯಲ್ಲೂ ಹಾಗೇ ಆಯಿತು. ನನ್ನ ಅತ್ತೆ ಮಂಗಳಮ್ಮನಿಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿತ್ತು. ಗಾಯ ಮಾಗಿತು, ಸುಸ್ತು ಹೋಗಲಿಲ್ಲ. ನಾಲ್ಕು ಹೆಜ್ಜೆಗೆ ಗೋಡೆ ಹಿಡಿಯುತ್ತಿದ್ದರು. ಬಂದವರು ಬೀಟ್‌ರೂಟ್, ದಾಳಿಂಬೆ ಎಂದು ಹೇಳಿ ಹೋದರು. ಆಮೇಲೆ ಯಾರೂ ಬರಲಿಲ್ಲ. ಮನೆಯಲ್ಲಿ ನಾವಿಬ್ಬರೇ.

ನನ್ನ ಗಂಡ ಸಿದ್ದೇಶ್ ಕಿಡ್ನಿ ಕಾಯಿಲೆಯಿಂದ ತೀರಿಕೊಂಡು ವರ್ಷ ತುಂಬಿರಲಿಲ್ಲ. ಡಯಾಲಿಸಿಸ್ ನಡೆಯುವಾಗ ರಕ್ತ ಹೆಚ್ಚಲೆಂದು ಅವರಿಗೆ ಕೊಡುತ್ತಿದ್ದ ಇಂಜೆಕ್ಷನ್ ಇನ್ನೂ ಫ್ರಿಜ್ಜಿನಲ್ಲಿತ್ತು. ತೆಗೆದುಹಾಕಲು ನನಗೆ ಆಗಿರಲಿಲ್ಲ.

ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದಾಗ ಅತ್ತೆ ಕರೆಸಿದ್ದ ಕಾಂಪೌಂಡರ್ ದೇವರಾಜು ಜಗಲಿಯಲ್ಲಿ ಕುಳಿತಿದ್ದರು. ನನ್ನ ಗಂಡನಿಗೆ ಚುಚ್ಚುತ್ತಿದ್ದವರೂ ಅವರೇ. ಅವರ ಕೈಯಲ್ಲಿ ಅದೇ ಇಂಜೆಕ್ಷನ್. ಅತ್ತೆ ತೋಳು ಚಾಚಿದ್ದರು.

ಡಾಕ್ಟರನ್ನು ಕೇಳದೆ ಬೇಡ ಎಂದು ತಡೆದೆ.

“ನನ್ ಮಗಂಗೆ ರಕ್ತ ಏರ್ಸಿದ್ದು ನಂಗ್ಯಾಕಮ್ಮಿ ಏರ್ಸಕಿಲ್ಲ? ಸುಮ್ನೆ ಬಿದ್ದದೆ,” ಎಂದರು ಅತ್ತೆ.

ಇದೇನು ವಿಷವೇ, ರಕ್ತದ ಔಷಧಿ ತಾನೇ ಎಂದು ದೇವರಾಜುವೂ ಅವರ ಪರ ನಿಂತರು. ನಾನು ಅತ್ತೆಯ ಕ್ಯಾನ್ಸರ್ ಡಾಕ್ಟರ್ ವೀಣ ಅವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

ರಕ್ತ ಯಾಕೆ ಕಡಿಮೆಯಾಗಿದೆ ಎಂದು ಮೊದಲು ಪರೀಕ್ಷಿಸಬೇಕು ಎಂದರು ಅವರು. ಕಬ್ಬಿಣಾಂಶ ಕಡಿಮೆಯಿದ್ದರೆ ಅದಕ್ಕೆ ಮಾತ್ರೆ ಅಥವಾ ಡ್ರಿಪ್ ಇದೆ. ತೀರಾ ಅಗತ್ಯವಾದರೆ ರಕ್ತವನ್ನೇ ಕೊಡುತ್ತಾರೆ. ಆಮೇಲೆ ಅತ್ತೆಗೇ ಹೇಳಿದರು:

“ಅಮ್ಮ, ಆ ಇಂಜೆಕ್ಷನ್ ನಿಮ್ಮ ಮಗನ ಕಾಯಿಲೆಗೆ ಕೊಟ್ಟಿದ್ದು. ಆಪರೇಷನ್ ಆದ ಮೇಲೂ ಕಣ್ಣಿಗೆ ಕಾಣದ ಕ್ಯಾನ್ಸರ್ ಕಣ ಒಳಗೆ ಉಳಿದಿರಬಹುದು. ಕೆಲವರಲ್ಲಿ ಈ ಔಷಧಿ ಗೆಡ್ಡೆ ಬೆಳೆಯೋಕೆ ದಾರಿ ಮಾಡಬಹುದು. ರಕ್ತ ಹೆಪ್ಪುಗಟ್ಟೋ ಭಯಾನೂ ಇದೆ. ನಾವು ನೋಡದೆ ಚುಚ್ಚಿಸ್ಕೋಬೇಡಿ.”

“ಇದು ನಂಗೊತ್ತಿರ್ನಿಲ್ಲ ಕಣವ್ವ,” ಎಂದು ದೇವರಾಜು ಇಂಜೆಕ್ಷನ್ ಕೆಳಗಿಟ್ಟು ಚೀಲ ಮುಚ್ಚಿದರು.

ಅತ್ತೆ ಚಾಚಿದ್ದ ತೋಳನ್ನು ಎಳೆದುಕೊಂಡು ಸೆರಗು ಹೊದ್ದರು. “ನಾನೂ ಮಲೀಕಂಡ್ರೆ ಈ ಮನೇಲಿ ನಿಂಗೆ ಮಾತಾಡಕ್ಕೆ ಯಾರವ್ರೆ? ಅದ್ಕೇ ಬಿರ್ನೆ ಎದ್ದು ಓಡಾಡನ ಅಂದ್ಕಂಡೆ.”

ಈಗಲೇ ಆಸ್ಪತ್ರೆಗೆ ಹೋಗೋಣ ಎಂದೆ. ಅವರಿಗೆ ಸೀರೆ ತಂದುಕೊಟ್ಟೆ. ಮಂಡ್ಯದ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದರು. ಪರೀಕ್ಷೆಯಲ್ಲಿ ಕಬ್ಬಿಣಾಂಶದ ಕೊರತೆ ಕಂಡಿತು. ಡ್ರಿಪ್ ಹಾಕಿದರು. ಸುಸ್ತು ನಿಧಾನವಾಗಿ ಇಳಿಯುತ್ತಿದೆ.

ನಿಮ್ಮ ಮನೆಯಲ್ಲಿ ಕ್ಯಾನ್ಸರ್ ಆಪರೇಷನ್ ಆದವರಿದ್ದರೆ ಸುಸ್ತನ್ನು ಸಹಿಸಿಕೊಂಡು ಕೂರಲು ಬಿಡಬೇಡಿ. ರಕ್ತಹೀನತೆಗೆ ಚಿಕಿತ್ಸೆ ಬೇಕೇ ಬೇಕು. ಆದರೆ ಇನ್ನೊಬ್ಬರಿಗೆ ಕೊಟ್ಟ ಔಷಧಿ ಬೇಡ, ಅಂಗಡಿಯಲ್ಲಿ ಕೇಳಿ ತಂದ ಇಂಜೆಕ್ಷನ್ನೂ ಬೇಡ. ಅವರ ಕ್ಯಾನ್ಸರ್ ಡಾಕ್ಟರನ್ನು ಮೊದಲು ಕೇಳಿ. ಅಂಥವರು ನಿಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರೆ, ಸಲಹೆ ಕೊಟ್ಟು ಬಂದುಬಿಡಬೇಡಿ. ಜೊತೆಯಲ್ಲಿ ಆಸ್ಪತ್ರೆಗೆ ಹೋಗಿ.