ಖಾಲಿ ಸ್ಟೂಲುಗಳು

ಬೆಳಿಗ್ಗೆ ಒಂಬತ್ತೂಕಾಲಿಗೆ ತಂಗಿಯ ಬೆರಳುಗಳು ನಿಂತವು. ಮಧ್ಯಾಹ್ನ ಎರಡಕ್ಕೆ ಪರೀಕ್ಷೆ. ಕೈ ಹದವಾಗಲೆಂದು ಅವಳು ತನ್ನ ಬ್ರೈಲ್ ಯಂತ್ರದ ಆರು ಕೀಲಿಗಳ ಮೇಲೆ ಒಂದೇ ಸಾಲನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ನಡುಸಾಲಿನಲ್ಲಿ, ಕಾಗದದ ಮೇಲೆ ಚುಕ್ಕಿ ಮೂಡಿಸುವ ತಲೆ ಮುಂದೆ ಸರಿಯದೆ ನಿಂತುಬಿಟ್ಟಿತು.

“ಅಕ್ಕಾ, ಇದು ಹಟ ಹಿಡೀತು ನೋಡು.”

ಅಕ್ಕ ಅಂಗಡಿಯಿಂದ ಒಳಗೆ ಬಂದಳು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಗೋಡೆಯುದ್ದಕ್ಕೂ ಹಳೆಯ ಟೈಪ್‌ರೈಟರ್‌ಗಳು, ಕಿಟಕಿಯ ಕೆಳಗೆ ಒಂದು ಉದ್ದನೆಯ ಮೇಜು, ಮೇಜಿನ ಮುಂದೆ ಅಪ್ಪನ ಸ್ಟೂಲು. ಅಪ್ಪ ಹೋಗಿ ಏಳು ತಿಂಗಳಾಗಿತ್ತು. ಅಕ್ಕ ಅವತ್ತಿನಿಂದ ನಿಂತೇ ಕೆಲಸ ಮಾಡುತ್ತಿದ್ದಳು. ಯಾರಾದರೂ ಕೇಳಿದರೆ, ನಿಂತರೆ ಬೆನ್ನಿಗೆ ಒಳ್ಳೆಯದು ಎನ್ನುತ್ತಿದ್ದಳು. ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದು, ಆ ಸ್ಟೂಲನ್ನು ಒರೆಸಿ, ಅದರ ಮೇಲೆ ಕೂರದೆ ಬಳಸಿಕೊಂಡು ಆಚೆ ಹೋಗುವಳು.

ಟೈಪ್‌ರೈಟರಿನ ಹೊಟ್ಟೆಯೊಳಗೆ ಏನಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವಳು ಅವಳು. ಆದರೆ ತಂಗಿಯ ಈ ಯಂತ್ರವನ್ನು ಅಪ್ಪ ಯಾರ ಕೈಗೂ ಕೊಟ್ಟವರಲ್ಲ. “ಇದು ನನ್ನ ಮಗಳ ಕಣ್ಣು” ಎಂದು ತಾವೇ ಬಿಚ್ಚಿ, ತಾವೇ ಜೋಡಿಸುತ್ತಿದ್ದರು.

ಶಿಕ್ಷಕಿಯ ಹುದ್ದೆಗೆ ಇರುವ ಪರೀಕ್ಷೆ ಅದು. ವಯಸ್ಸಿನ ಲೆಕ್ಕದಲ್ಲಿ ತಂಗಿಗೆ ಇದೇ ಕೊನೆಯ ಸಲ. ಹೇಳಿ ಬರೆಸಲು ಜನ ಬೇಕೆಂದರೆ ತಿಂಗಳ ಮುಂಚೆಯೇ ತಿಳಿಸಬೇಕಿತ್ತು. ಒಂದು ಗಂಟೆಗೆ ಮನೆ ಬಿಡಬೇಕು, ಯಂತ್ರ ಕೈಯಲ್ಲಿರಬೇಕು. ಬೇರೆ ದಾರಿಯೇ ಇರಲಿಲ್ಲ.

ಅಕ್ಕನಿಗೆ ಹಿಂದಿನ ದಿನವಷ್ಟೇ ಸೇರಿದ್ದ ‘ಕೀಲಿಮಣೆ ಬಳಗ’ ನೆನಪಾಯಿತು. ಹಳೆಯ ಯಂತ್ರ ರಿಪೇರಿ ಮಾಡುವವರ ಗುಂಪು, ಫೋನಿನಲ್ಲಿ. ಅಲ್ಲಿ ಬರೆದಿಟ್ಟ ನಿಯಮಗಳು ಎರಡೇ: ಜಗಳ ಬೇಡ, ಜಾಹೀರಾತು ಬೇಡ. ಅವಳು ಯಂತ್ರದ ಫೋಟೊ ಹಾಕಿ, ಆಗಿದ್ದನ್ನೆಲ್ಲ ಬರೆದು, ಪರೀಕ್ಷೆಯ ವಿಷಯವನ್ನೂ ಸೇರಿಸಿ, “ದಯವಿಟ್ಟು ಯಾರಾದರೂ ಹೇಳಿ” ಎಂದು ಕೇಳಿದಳು.

ಐದು ನಿಮಿಷಕ್ಕೆ ಉತ್ತರ ಬಂತು. ಮಾತಿಲ್ಲ. ಒಂದು ಫೋಟೊ, ಅದರಲ್ಲಿ ಒಂದು ಖಾಲಿ ಸ್ಟೂಲು.

ಅಕ್ಕ ಕಣ್ಣುಜ್ಜಿಕೊಂಡು ನೋಡಿದಳು. ಅಷ್ಟರಲ್ಲಿ ಇನ್ನೊಂದು ಬಂತು: ಮೂರು ಕಾಲಿನ ಮರದ ಸ್ಟೂಲು. ಮತ್ತೊಂದು, ಸೀಟು ಹರಿದ ಕಬ್ಬಿಣದ್ದು. ಹತ್ತು ಗಂಟೆಯ ಹೊತ್ತಿಗೆ ಆರು ಸ್ಟೂಲು ಸಾಲಾಗಿ ನಿಂತಿದ್ದವು. ಒಂದರ ಕೆಳಗೂ ಒಂದಕ್ಷರವಿರಲಿಲ್ಲ.

“ಏನಂದ್ರು?” ಒಳಗಿನಿಂದ ತಂಗಿ ಕೇಳಿದಳು.

“ಏನಿಲ್ಲ. ಪೀಠೋಪಕರಣದ ಪ್ರದರ್ಶನ ಇಟ್ಟಿದಾರೆ.”

ತಂಗಿ ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ. ಕಿಟಕಿಯ ಕೆಳಗೆ ಅಪ್ಪನ ಸ್ಟೂಲು ಖಾಲಿಯಾಗಿಯೇ ನಿಂತಿತ್ತು. ಕೂರುವವರು ಹೋದ ಮನೆಯವಳಿಗೆ ಇಂಥ ಚಿತ್ರ ತೋರಿಸುವವರು ಎಂಥ ಜನ? ಹಿಂದೆ ಮುಂದೆ ನೋಡದೆ ಬರೆದಳು: “ಕಷ್ಟದಲ್ಲಿರುವವರನ್ನು ಕಂಡು ನಗುವುದೇ ನಿಮ್ಮ ಕಸುಬಾದರೆ, ನಿಮ್ಮ ಬಳಗ ನಿಮಗೇ ಇರಲಿ.” ತನ್ನ ಪ್ರಶ್ನೆಯನ್ನು ಅಳಿಸಿದಳು. ಬಳಗ ಬಿಟ್ಟು ಹೊರಗೆ ಬಂದಳು.

ಆಮೇಲೆ ಸ್ಕ್ರೂಡ್ರೈವರ್ ಹಿಡಿದಳು. ತಳದ ನಾಲ್ಕು ಸ್ಕ್ರೂ ಸುಲಭವಾಗಿ ಬಂದವು. ಒಳಗಿನದನ್ನೆಲ್ಲ ಒಂದೊಂದಾಗಿ ತಡಕಿ ನೋಡುವಷ್ಟರಲ್ಲಿ ಗಂಟೆ ಹನ್ನೊಂದು ದಾಟಿತು. ಒಳಗೊಂದು ದುಂಡನೆಯ ಡಬ್ಬಿ. ತಲೆಯನ್ನು ಎಳೆಯುವ ಸ್ಪ್ರಿಂಗು ಅದರಲ್ಲೇ ಸುತ್ತಿಕೊಂಡಿರಬೇಕು, ತೊಂದರೆಯೂ ಅಲ್ಲೇ ಇರಬೇಕು ಎನಿಸಿತು. ಡಬ್ಬಿಯ ಸ್ಕ್ರೂ ಬಿಗಿಯಾಗಿತ್ತು. ಮನಸ್ಸಿನಲ್ಲೇ ದೇವರನ್ನು ನೆನೆದು ಒತ್ತಿ ತಿರುಗಿಸಿದಳು. ಅರ್ಧ ಸುತ್ತು ಬಂತು. ಡಬ್ಬಿಯೊಳಗೆ ಏನೋ ಮೆಲ್ಲಗೆ ಕಿರುಗುಟ್ಟಿತು.

ಆಗ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು.

“ಸ್ಟೂಲು ನೋಡಿ ಓಡಿಹೋದೋಳು ನೀನೇನಾ?” ವಯಸ್ಸಾದ ಹೆಂಗಸಿನ ದನಿ.

“ಯಾರು ನೀವು?”

“ನಿನ್ನೆ ಬಳಗದ ಬಾಗಿಲು ತೆಗೆದು ನಿನ್ನ ಒಳಗೆ ಬಿಟ್ಟೋಳು. ನಿನ್ನ ಪ್ರೊಫೈಲ್ ಫೋಟೊದಲ್ಲಿ ಅಂಗಡಿ ಬೋರ್ಡಿತ್ತಲ್ಲ, ಅದರಲ್ಲಿ ನಂಬರ್ ಸಿಕ್ತು. ನಲವತ್ತು ವರ್ಷ ಟೈಪಿಂಗ್ ಕಲಿಸಿದೀನಮ್ಮ, ಇಷ್ಟು ಅವಸರದ ಬೆರಳು ಕಂಡಿಲ್ಲ.”

“ನಾನು ಗೋಳು ತೋಡಿಕೊಂಡ್ರೆ ನೀವು ಸ್ಟೂಲು ತೋರಿಸ್ತೀರಿ. ಅದಕ್ಕೆ ಕೈ ಮುಗೀಬೇಕಿತ್ತಾ?”

“ಮುಗೀಬೇಕಿತ್ತು.” ಆ ದನಿಯಲ್ಲಿ ಸಿಟ್ಟಿರಲಿಲ್ಲ. “ನಮ್ಮಲ್ಲಿ ಬರೀ ನೆನಪಿಂದ ಯಾರೂ ಉತ್ತರ ಹೇಳಲ್ಲ. ಅಂಥದೇ ಯಂತ್ರ ಹುಡುಕಿ, ಬಿಚ್ಚಿ, ಕೈಯಾರೆ ನೋಡಿ ಆಮೇಲೆ ಬಾಯಿ ಬಿಡ್ತಾರೆ. ಎದ್ದ ಕೂಡಲೇ ತಮ್ಮ ಖಾಲಿ ಸ್ಟೂಲಿನ ಫೋಟೊ ಹಾಕ್ತಾರೆ. ನಿನ್ನ ಕೆಲಸಕ್ಕೇ ಎದ್ದಿದೀನಿ, ಸ್ವಲ್ಪ ತಾಳು ಅಂತ ಅದರರ್ಥ. ಬೆಳಿಗ್ಗೆ ಬೆಳಿಗ್ಗೆ ಆರು ಜನ ಎದ್ದಿದ್ರು ನಿನಗೋಸ್ಕರ.”



“ಎಲ್ಲಾದ್ರೂ ಬರೆದಿಟ್ಟಿದ್ರೆ ಗೊತ್ತಾಗ್ತಿತ್ತು” ಎಂದಳು ಅಕ್ಕ, ಮೆತ್ತಗೆ.

“ಎಲ್ಲರಿಗೂ ಗೊತ್ತಿದೆ ಅಂದ್ಕೊಂಡು ಯಾರೂ ಬರೀಲಿಲ್ಲ. ಅದು ನಮ್ಮ ತಪ್ಪು, ಹೋಗಲಿ ಬಿಡು. ಅಲ್ಲಿ ಯಂತ್ರಗಳಿಗೆ ಎಣ್ಣೆ ಬಿಟ್ಟೇ ಹೆಸರಾದ ನಮ್ಮ ಎಣ್ಣೆ ತಾತ ಎಂಬತ್ತರ ವಯಸ್ಸಲ್ಲಿ ಅಟ್ಟ ಹತ್ತಿ, ನಿನ್ನ ಯಂತ್ರದ ಅಣ್ಣನನ್ನೇ ಇಳಿಸಿಕೊಂಡು ಬಂದು ಕೂತಿದಾರೆ. ಪ್ರಶ್ನೆ ಕಾಣ್ತಿಲ್ಲ ಅಂತ ಒಂದೇ ಸಮನೆ ಕನ್ನಡಕ ಒರೆಸ್ತಿದಾರೆ. ಈಗ ಹೇಳು, ಏನೇನು ಬಿಚ್ಚಿದೀಯ?”

“ತಳದ ನಾಲ್ಕು. ಮತ್ತೆ... ಸ್ಪ್ರಿಂಗಿನ ಡಬ್ಬಿದು ಅರ್ಧ ಸುತ್ತು.”



“ಕೈ ತೆಗಿ” ಎಂದಿತು ದನಿ. “ಇನ್ನರ್ಧ ಸುತ್ತಿದ್ರೆ ಸ್ಪ್ರಿಂಗು ಬಿಚ್ಕೊಂಡು ಮುಖಕ್ಕೆ ಬಡೀತಿತ್ತು. ಅದನ್ನ ವಾಪಸ್ ಸುತ್ತೋ ಕೈ ನಮ್ಮಲ್ಲೂ ಒಂದೋ ಎರಡೋ. ಬಾ, ಬಾಗಿಲು ತೆಗೆದಿದೀನಿ.”

ಹನ್ನೊಂದೂ ನಲವತ್ತಾಗಿತ್ತು. ಅಕ್ಕ ಬಳಗಕ್ಕೆ ಮರಳಿ, “ತಪ್ಪಾಯಿತು, ತಿಳಿಯದೆ ಆಡಿದೆ” ಎಂದಷ್ಟೇ ಬರೆದು, ಯಂತ್ರದ ಫೋಟೊವನ್ನು ಮತ್ತೆ ಹಾಕಿದಳು. ಕೂಡಲೇ ಎಣ್ಣೆ ತಾತನ ವಿಡಿಯೊ ಕರೆ ಬಂತು. ಪರದೆಯ ಮೇಲೆ ಕಂಡದ್ದು ಎರಡು ಕೈ ಮಾತ್ರ. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು, ಥೇಟ್ ಅಪ್ಪನ ಕೈಯ ಹಾಗೆ.

“ಡಬ್ಬಿ ಸ್ಕ್ರೂ ಮೊದಲಿನ ಹಾಗೆ ಬಿಗಿ ಮಾಡಮ್ಮ. ನಿಧಾನ. ಅವಸರ ಪರೀಕ್ಷೆಗಿರಲಿ, ನಿನಗೆ ಬೇಡ.”

ಬಿಗಿ ಮಾಡಿದಳು. ಕಿರುಗುಟ್ಟುವುದು ನಿಂತಿತು.

“ಯಂತ್ರ ಬೆನ್ನ ಮೇಲೆ ಮಲಗಿಸು. ತಲೆಯ ಪಕ್ಕದ ಸಣ್ಣ ಹಿಡಿ ಒತ್ತಿಕೊಂಡು ತಲೇನ ಎಡಕ್ಕೆ ತಳ್ಳು. ಕೆಳಗೆ ಹಲ್ಲುಪಟ್ಟಿ ಕಾಣುತ್ತೆ, ಗರಗಸದ ಹಾಗೆ. ಟಾರ್ಚ್ ಬಿಟ್ಟು ನೋಡು. ನನ್ನದರಲ್ಲೂ ಒಂದ್ಸಲ ಅಲ್ಲೇ ಏನೋ ಚೂರು ಸಿಕ್ಕಿಕೊಂಡಿತ್ತು.”

ಅಕ್ಕ ಟಾರ್ಚ್ ಬಿಟ್ಟಳು. ಹಲ್ಲುಗಳೆಲ್ಲ ಸ್ವಚ್ಛ. ಇನ್ನೊಮ್ಮೆ ನೋಡಿದಳು. ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು.

“ಏನೂ ಇಲ್ಲ ತಾತ.”

“ಇರಲೇಬೇಕು.”

“ನನಗೆ ಕಾಣ್ತಿಲ್ಲ.”

“ಕಾಣದಿದ್ರೆ ಬಿಡು” ಎಂದಳು ತಂಗಿ, ಬಾಗಿಲ ಬಳಿ ನಿಂತವಳು. “ಜರುಗು. ಕಾಣದ ಕೆಲಸಕ್ಕೆ ನಾನಿಲ್ವಾ?”

ತಂಗಿ ಮೇಜಿಗೆ ಬಂದು ಕಿರುಬೆರಳನ್ನು ಹಲ್ಲುಪಟ್ಟಿಯ ಮೇಲೆ ಎಳೆದಳು. ಒಂದು ಕಡೆ ಬೆರಳು ನಿಂತಿತು. “ಇಲ್ಲಿ ಒಂದು ಹಲ್ಲು ಮೊಂಡಾಗಿದೆ.” ಅಕ್ಕ ಅಲ್ಲಿಗೆ ಚಿಮಟ ಇಳಿಸಿದಳು. ಮೊದಲ ಸಲ ಜಾರಿತು, ಎರಡನೆಯ ಸಲವೂ ಜಾರಿತು. ಮೂರನೆಯ ಸಲ ಬೂದು ಬಣ್ಣದ ಒಂದು ಕಾಗದದ ಚೂರು ಹೊರಗೆ ಬಂತು. ಎಣ್ಣೆ ಕುಡಿದು ಕಬ್ಬಿಣದ ಬಣ್ಣಕ್ಕೇ ತಿರುಗಿತ್ತು.

ತಂಗಿ ಅದನ್ನು ಬೆರಳ ತುದಿಯಲ್ಲಿ ಸವರಿದಳು. “ಅರ್ಧ ಅಕ್ಷರ ಇದೆ ಇದರಲ್ಲಿ” ಎಂದಳು.

ತಳ ಮುಚ್ಚಿ ಕಾಗದ ಸುತ್ತಿದರು. ತಂಗಿ ಕೀಲಿ ಒತ್ತಿದಳು. ತಲೆ ಒಂದು ಹೆಜ್ಜೆ ಸರಿಯಿತು. ಮತ್ತೊಂದು ಹೆಜ್ಜೆ. ಸಾಲಿನ ಕೊನೆಗೆ ಗಂಟೆ ‘ಟಿಣ್’ ಎಂದಿತು. ಪರದೆಯ ಆ ಕಡೆಯ ಎರಡು ಕೈಗಳು ಒಂದು ಕ್ಷಣ ಒಂದನ್ನೊಂದು ಹಿಡಿದುಕೊಂಡವು.

“ಹೊರಡಿ, ಹೊರಡಿ” ಎಂದರು ತಾತ. “ನಾನಿದನ್ನ ಮತ್ತೆ ಅಟ್ಟ ಹತ್ತಿಸಬೇಕು.”

ಎರಡಕ್ಕೆ ಐದು ನಿಮಿಷವಿರುವಾಗ ತಂಗಿ ಪರೀಕ್ಷೆಯ ಕೋಣೆಗೆ ಹೋದಳು. ಮುಚ್ಚಿದ ಬಾಗಿಲ ಹಿಂದಿನಿಂದ ಮೂರು ಗಂಟೆ ಕಾಲ ಆ ಟಕಟಕ ಕೇಳುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಅಕ್ಕ ಕೈಜೋಡಿಸಿ ಕೂತಿದ್ದಳು. ಸದ್ದು ಒಮ್ಮೆ ನಿಂತಾಗ ಎದ್ದು ಬಾಗಿಲ ಬಳಿ ಹೋದಳು. ಕಾಗದ ಬದಲಿಸಲು ನಿಂತದ್ದಿರಬೇಕು, ಮತ್ತೆ ಶುರುವಾಯಿತು.

ನಾಲ್ಕು ದಿನ ಕಳೆದು, ಸಂಜೆ ಅಂಗಡಿ ಮುಚ್ಚುವ ಮುಂಚೆ, ಬಳಗದಲ್ಲಿ ಒಂದು ಹೊಸ ಪ್ರಶ್ನೆ ಬಂತು. ಯಾರೋ ಅವತ್ತೇ ಸೇರಿದವರು. ಅವರ ಟೈಪ್‌ರೈಟರಿನ ಶಾಯಿಪಟ್ಟಿ ತಿರುಗುತ್ತಿಲ್ಲವಂತೆ. ಅಂಥದೇ ಯಂತ್ರ ಅಕ್ಕನ ಗೋಡೆಯ ಮೇಲಿನ ಸಾಲಿನಲ್ಲಿತ್ತು. ಅವಳು ಕೂಡಲೇ ಅದರ ಕಡೆ ಹೊರಟು, ನಡುವೆಯೇ ನಿಂತಳು. ಎದ್ದು ಬಂದೆ ಎಂದು ಹೇಳಬೇಕಾದರೆ ಮೊದಲು ಕೂತಿರಬೇಕಲ್ಲ.

ಅಪ್ಪನ ಸ್ಟೂಲಿನ ಬಳಿಗೆ ಹಿಂತಿರುಗಿದಳು. ಸೆರಗಿನಿಂದ ಅದನ್ನು ಒರೆಸಿ, ಕೂತಳು. ಒಂದು ಕಾಲು ಕೊಂಚ ಗಿಡ್ಡ, ಸ್ಟೂಲು ಅತ್ತಿತ್ತ ಅಲ್ಲಾಡಿತು. ಇಷ್ಟು ವರ್ಷ ಅಪ್ಪ ಇದರ ಮೇಲೆ ಹೇಗೆ ಕೂತಿದ್ದರೋ.

ಎದ್ದು, ಅದರ ಫೋಟೊ ತೆಗೆದು ಬಳಗಕ್ಕೆ ಹಾಕಿದಳು. ಹಾಕಿದವಳು ಒಂದು ಕ್ಷಣ ಯೋಚಿಸಿ, ಬಳಗದಲ್ಲಿ ಯಾರೂ ಮಾಡದ ಕೆಲಸವೊಂದನ್ನು ಮಾಡಿದಳು. ಚಿತ್ರದ ಕೆಳಗೆ ಬರೆದಳು: “ನಿಮ್ಮ ಕೆಲಸಕ್ಕೇ ಎದ್ದಿದ್ದೇನೆ. ಸ್ವಲ್ಪ ತಾಳಿ.”