ನಿವ್ವಳ ತೂಕ

ನನ್ನ ತಂಗಿಯ ಮಗಳು ಹಲ್ಲಿನ ಡಾಕ್ಟರು. ಅವಳು ಮದುವೆಯಾಗಬೇಕೆಂದುಕೊಂಡಿರುವವನು ಚಾಕೊಲೇಟ್ ಮಾಡುವವನು. ಇದನ್ನು ಕೇಳಿದವರೆಲ್ಲ ನಗುತ್ತಾರೆ, ನಾನೂ ನಕ್ಕಿದ್ದೆ. “ಅವನು ಹಲ್ಲು ಕೆಡಿಸ್ತಾನೆ, ನೀನು ಸರಿ ಮಾಡ್ತೀಯ. ಇಬ್ಬರಿಗೂ ಕೈತುಂಬ ಕೆಲಸ” ಎಂದಿದ್ದೆ. ಅವಳು ನಗಲಿಲ್ಲ.

“ಮಾಮ, ಒಂದು ಸಲ ಹೋಗಿ ನೋಡ್ಕೊಂಡು ಬಾ. ಆಮೇಲೆ ಹೇಳು. ನೀನು ಬೇಡ ಅಂದ್ರೆ ನಾನು ಆಗಲ್ಲ” ಎಂದಳು.

ಅವಳು ಹಾಗೆಂದರೆ ಹಾಗೆಯೇ. ಅಪ್ಪನ ಮುಖ ಅವಳಿಗೆ ನೆನಪಿಲ್ಲ. ಒಂಬತ್ತನೆಯ ವಯಸ್ಸಿಗೆ ಅಮ್ಮನನ್ನೂ ಕಳೆದುಕೊಂಡು ನನ್ನ ಮನೆಗೆ ಬಂದಳು. ಈಗ ಮೂವತ್ಮೂರು. ನಾನು ಮದುವೆಯಾದವನಲ್ಲ, ಜಡೆ ಹೆಣೆಯುವುದನ್ನು ಕಲಿತದ್ದೇ ಅವಳಿಗಾಗಿ. ಇಲ್ಲಿಯವರೆಗೆ ಅವಳು ನನ್ನ ಮಾತು ಮೀರಿದ್ದಿಲ್ಲ. ಹೀಗಾಗಿ ಆ ಶನಿವಾರ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟಾಗ ಅವಳ ಮದುವೆ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ನಾನು ಹೊರಟದ್ದು ನೋಡುವುದಕ್ಕಲ್ಲ, ತಪ್ಪು ಹುಡುಕುವುದಕ್ಕೆ. ಈಗ ಒಪ್ಪಿಕೊಳ್ಳುತ್ತೇನೆ. ಆಗ ಯಾರಾದರೂ ಹಾಗೆಂದಿದ್ದರೆ ಅವರ ಮೇಲೆ ಹರಿಹಾಯುತ್ತಿದ್ದೆ.

ತಪ್ಪು ಹುಡುಕುವುದು ನನಗೆ ಹೊಸದೇನಲ್ಲ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ತಕ್ಕಡಿಯ ಕೆಳಗೆ ಅಂಟಿಸಿದ ಆಯಸ್ಕಾಂತ, ತಳ ಕೊರೆದ ಬಟ್ಟು, ತಳ ಎತ್ತರಿಸಿದ ಲೀಟರು, ನಾನು ನೋಡದ ಮೋಸವಿಲ್ಲ. ನಾನು ಬೀದಿಗೆ ಕಾಲಿಟ್ಟರೆ ಸಾಕು, ಅಂಗಡಿಯವರ ಕೈ ಧಾರಾಳವಾಗುತ್ತಿತ್ತು. ನಿವೃತ್ತನಾಗಿ ನಾಲ್ಕು ವರ್ಷವಾದರೂ ಆ ಚಟ ಹೋಗಿಲ್ಲ.

ಶನಿವಾರ ಮಧ್ಯಾಹ್ನ ಯಾರು ಬೇಕಾದರೂ ಅವನ ಕಾರ್ಖಾನೆಗೆ ಹೋಗಿ ಚಾಕೊಲೇಟ್ ಮಾಡುವುದನ್ನು ನೋಡಬಹುದಿತ್ತು. ನಾನು ಯಾರೆಂದು ಹೇಳಲಿಲ್ಲ. ಗಣಿತದ ಮೇಷ್ಟ್ರು ಎಂದು ಹೇಳಿಕೊಂಡೆ. ಹಳೆಯ ಮುದ್ರಣಾಲಯದ ಹಿಂಬದಿಯ ಎರಡು ಕೋಣೆ. ನೆಲದಲ್ಲಿ ಯಂತ್ರಗಳ ಬೋಲ್ಟು ಕಿತ್ತ ಗುರುತು ಇನ್ನೂ ಇತ್ತು. ಬಾಗಿಲಲ್ಲೇ ಒಬ್ಬ ಸಣಕಲು ಆಸಾಮಿ ಬಟ್ಟೆಯ ಟೋಪಿ ಕೊಟ್ಟ. ಮುಂಗೈ ತುಂಬ ಸುಟ್ಟ ಗೆರೆ, ಉಗುರಿನ ಸಂದಿಯಲ್ಲಿ ಕಂದು ಬಣ್ಣ. ಇವನೇ ಅವನು.

“ನನಗೂ ಬೇಕಾ?” ಎಂದು ಬೋಳು ತಲೆ ತೋರಿಸಿದೆ.

“ಹುಬ್ಬು ಇದ್ಯಲ್ಲ ಸಾರ್. ಅಲ್ಲಿವರೆಗೂ ಎಳ್ಕೊಳ್ಳಿ” ಎಂದ.

ಮಾತು ಬರುತ್ತದೆ, ಆಯಿತು. ಮಾತು ಬರುವವರೇ ಕಣ್ಣಿಗೆ ಮಣ್ಣೆರಚುವುದು ಎಂದುಕೊಂಡು ಒಳಗೆ ಹೋದೆ. ನನ್ನ ಜೊತೆ ಹೊಸದಾಗಿ ಮದುವೆಯಾದ ಒಂದು ಜೋಡಿ ಇತ್ತು. ಅವರು ಗೋಡೆಯನ್ನೂ ಬಿಡದೆ ಫೋಟೋ ತೆಗೆಯುತ್ತಿದ್ದರು.

ಮೊದಲ ಕೋಣೆಯಲ್ಲಿ ಅವನ ತಾಯಿ ಮೇಜಿನ ಮೇಲೆ ಕೋಕೋ ಬೀಜ ಹರಡಿಕೊಂಡು ಕೂತಿದ್ದರು. ನನ್ನ ಮುಂದೆಯೂ ಒಂದು ತಟ್ಟೆ ಬೀಜ ಸುರಿದರು. “ನಿಂತ್ಕೊಂಡು ನೋಡೋಕೆ ಇದೇನು ಸಿನಿಮಾನಾ? ಕೂತ್ಕೊಳ್ಳಿ ಮೇಷ್ಟ್ರೇ. ಚಪ್ಪಟೆ ಇರೋದು, ತೂತು ಬಿದ್ದಿರೋದು, ಎರಡು ಅಂಟ್ಕೊಂಡಿರೋದು ಆ ಕಡೆಗೆ.”

ನಾನು ಆರಿಸುತ್ತಲೇ ಬಗ್ಗಿ ಮೇಜಿನ ಕೆಳಗೆ ನೋಡಿದೆ. ತೆಗೆದಿಟ್ಟ ಕೆಟ್ಟ ಬೀಜವನ್ನು ಮತ್ತೆ ಚೀಲಕ್ಕೆ ಸೇರಿಸುವವರನ್ನು ಕಂಡಿದ್ದೇನೆ. ಕೆಳಗೆ ಒಂದು ಕಸದ ಬುಟ್ಟಿ, ಒಂದು ಜೊತೆ ಚಪ್ಪಲಿ, ಅಷ್ಟೇ.

“ಏನ್ ಬಿದ್ದೋಯ್ತು?” ಎಂದರು ತಾಯಿ.

“ಕನ್ನಡಕ.”

“ಮೂಗಿನ ಮೇಲೇ ಇದೆ.”

ಅಲ್ಲಿಂದ ಎದ್ದು ಹುರಿಯುವ ಕಡೆ ಹೋದೆ. ಸಣ್ಣ ಒಲೆಯ ಮೇಲೆ ಡಬ್ಬಿಯಂಥದ್ದೊಂದು ತಿರುಗುತ್ತಿತ್ತು. ಮೊದಲು ಹುಳಿ ವಾಸನೆ, ಮೂಗು ಮುಚ್ಚಿಕೊಳ್ಳಬೇಕು ಅಂಥದ್ದು. ಸ್ವಲ್ಪ ಹೊತ್ತಿಗೆ ಅದು ಬದಲಾಗಿ ಬಾಯಲ್ಲಿ ನೀರೂರಿತು. ಅವನು ಗಡಿಯಾರ ನೋಡುತ್ತಿರಲಿಲ್ಲ, ಡಬ್ಬಿಗೆ ಕಿವಿಗೊಟ್ಟು ನಿಂತಿದ್ದ. ಒಳಗೆ ಬೀಜ ಚಟ್ ಚಟ್ ಎಂದದ್ದೇ ತಡ, ತೆಗೆದು ಸುರಿದ. ಆರಿದ ಮೇಲೆ ಒಡೆದು, ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಹಿಡಿದು ಸಿಪ್ಪೆ ಹಾರಿಸಿದ. ಉಳಿದ ಚೂರು ಕಲ್ಲಿನ ರುಬ್ಬುವ ಯಂತ್ರಕ್ಕೆ. ಅದು ಎರಡು ದಿನ ಬಿಡದೆ ತಿರುಗಬೇಕಂತೆ. ಪಕ್ಕದ ಯಂತ್ರದಲ್ಲಿ ಒಂದು ದಿನ ತಿರುಗಿದ್ದನ್ನು ನಾಲಿಗೆಗೆ ಹಚ್ಚಿಕೊಂಡೆ, ಮರಳು ತಿಂದ ಹಾಗಿತ್ತು, ಕಹಿ ಬೇರೆ. ಹೊಸ ಜೋಡಿಯ ಹೆಂಡತಿ ಮುಖ ಕಿವುಚಿದಳು, ಗಂಡ ಅದರದ್ದೂ ಫೋಟೋ ತೆಗೆದ.

ಎರಡನೆಯ ಕೋಣೆಯಲ್ಲಿ ಕರಗಿದ ಚಾಕೊಲೇಟನ್ನು ಕಲ್ಲುಹಾಸಿನ ಮೇಜಿನ ಮೇಲೆ ಸುರಿದು, ಅಗಲದ ಕರಣೆಯಿಂದ ಹರಡುವುದು, ಬಾಚಿ ಗುಡ್ಡೆ ಮಾಡುವುದು, ಮತ್ತೆ ಹರಡುವುದು. ಹೀಗೆ ಹದವಾಗಿ ತಣಿಸದಿದ್ದರೆ ಚಾಕೊಲೇಟಿನ ಮೇಲೆ ಬೂದಿ ಬಳಿದ ಹಾಗೆ ಬಿಳುಪು ಕೂರುತ್ತದೆ, ಮುರಿದರೆ ಟಕ್ ಎನ್ನುವುದಿಲ್ಲ. ಥರ್ಮಾಮೀಟರ್ ಹಾಕಿ ನೋಡಿದ. ಆಮೇಲೆ ಶುದ್ಧವಾದ ಚಮಚದ ತುದಿಯಿಂದ ಒಂದು ಚೂರು ಕೆಳತುಟಿಗೆ ಮುಟ್ಟಿಸಿಕೊಂಡ.

“ಥರ್ಮಾಮೀಟರ್ ಇದ್ಯಲ್ಲ, ತುಟಿ ಯಾಕೆ?” ಎಂದೆ.

“ಥರ್ಮಾಮೀಟರ್ ಸರಿ ಹೇಳ್ತಿದ್ಯಾ ಅಂತ ನೋಡ್ಬೇಕಲ್ಲ ಸಾರ್.”

ಅಳೆಯುವ ಸಾಧನವನ್ನೇ ಅನುಮಾನಿಸುವವನು! ಆ ಮಾತು ನನಗೆ ಹಿಡಿಸಿತು. ಹಿಡಿಸಿತಲ್ಲ ಎಂದು ಸಿಟ್ಟೂ ಬಂತು. ಎರಡು ಗಂಟೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದರೂ ಒಂದು ಕೊರೆ ಸಿಕ್ಕಿರಲಿಲ್ಲ. ಬರಿಗೈಯಲ್ಲಿ ಮನೆಗೆ ಹೋಗಿ ಏನು ಹೇಳಲಿ ಎಂಬ ಚಿಂತೆ ಹತ್ತಿತು.

ಕೊನೆಯದು ಕಟ್ಟುವ ಮೇಜು. ಅಲ್ಲೊಂದು ಎಲೆಕ್ಟ್ರಾನಿಕ್ ತಕ್ಕಡಿ. ಚಾಕೊಲೇಟಿಗೆ ಮೊದಲು ತೆಳು ತಗಡಿನ ಹಾಳೆ, ಅದರ ಮೇಲೆ ರಟ್ಟು, ಅದರ ಮೇಲೆ ದಪ್ಪ ಕಾಗದ. ಎಲ್ಲ ಸುತ್ತಿದ ಮೇಲೆ ತೂಗಿದ. ಅರವತ್ತು ಗ್ರಾಂ. ಇನ್ನೊಂದು, ಅರವತ್ತು. ಮತ್ತೊಂದು ಐವತ್ತೊಂಬತ್ತು ಬಂತು, ಪಕ್ಕಕ್ಕಿಟ್ಟ. “ಒಂದು ಗ್ರಾಂ ಕಮ್ಮಿ ಇದ್ರೂ ಕಳಿಸಲ್ಲ ಸಾರ್. ಅದನ್ನ ನಿಮ್ಮಂಥವರಿಗೆ ರುಚಿ ನೋಡೋಕೆ ಇಡ್ತೀವಿ” ಎಂದ ಹೆಮ್ಮೆಯಿಂದ.

ನನ್ನ ಕಿವಿ ನೆಟ್ಟಗಾಯಿತು. ಒಂದನ್ನು ಕೈಗೆತ್ತಿಕೊಂಡು ಹಿಂದೆ ತಿರುಗಿಸಿದೆ. “ನಿವ್ವಳ ತೂಕ: ೬೦ ಗ್ರಾಂ” ಎಂದು ಚೆಂದವಾಗಿ ಅಚ್ಚು ಹಾಕಿಸಿದ್ದ. ಕೇಳದೆಯೇ ಕಾಗದ ಬಿಚ್ಚಿದೆ, ರಟ್ಟು ತೆಗೆದೆ, ತಗಡು ಸುಲಿದೆ, ಬರೀ ಚಾಕೊಲೇಟನ್ನು ತಕ್ಕಡಿಯ ಮೇಲಿಟ್ಟೆ. ಐವತ್ತೈದು.

“ಉಳಿದ ಐದು ಗ್ರಾಂ ಎಲ್ಲಪ್ಪ? ಕಾಗದಾನೂ ತಿನ್ನಬೇಕಾ?”

ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ. ಮುಚ್ಚಿಡುವುದೇನಿದೆ, ಹಾಗೇ ಆಯಿತು.

ಅವನಿಗೆ ಅರ್ಥವಾಗಲಿಲ್ಲ. ತಕ್ಕಡಿ ನೋಡಿದ, ಕಾಗದ ನೋಡಿದ. “ನಿವ್ವಳ ಅಂದ್ರೆ... ಪೇಪರ್ ಬಿಟ್ಟಾ ಸಾರ್?”

“ಮತ್ತೇನು?”

“ಎಲ್ಲಾ ಪೊಟ್ಟಣದ ಮೇಲೂ ಹಂಗೇ ಇರತ್ತಲ್ಲ, ನಾನೂ ಹಾಕಿಸ್ದೆ. ನಿವ್ವಳ ಅಂದ್ರೆ ಖಚಿತವಾದ ತೂಕ, ಒಂದು ಗ್ರಾಮೂ ಆಚೀಚೆ ಇಲ್ಲ ಅಂತ ಅಂದ್ಕೊಂಡಿದ್ದೆ.”

ಈ ನೆಪವನ್ನು ನನ್ನ ಮೂವತ್ತೊಂದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ನೆಪವಾಗಿದ್ದರೆ ಇದಕ್ಕಿಂತ ಒಳ್ಳೆಯದನ್ನು ಹುಡುಕುತ್ತಿದ್ದ. ಮುಖ ಇಷ್ಟು ಚಿಕ್ಕದಾಗಿತ್ತು. ಬಾಗಿಲ ಬಳಿ ಸಂಜೆ ಅಂಗಡಿಗೆ ಹೋಗಬೇಕಾದ ಪೆಟ್ಟಿಗೆ ಇತ್ತು, ಮುನ್ನೂರು ಚಾಕೊಲೇಟು. ಅದನ್ನು ಒಳಗೆ ಎಳೆದುಕೊಂಡು ಅಂಟುಪಟ್ಟಿ ಕಿತ್ತ.

“ಏ, ಇದೊಂದು ಹೋಗ್ಲಿ ಬಿಡೋ. ಮುಂದಿನ ಸಲದಿಂದ ಸರಿ ಮಾಡು. ಯಾರಿಗೆ ಗೊತ್ತಾಗತ್ತೆ?” ಎಂದರು ತಾಯಿ.

“ನನಗೆ ಗೊತ್ತಾಯ್ತಲ್ಲಮ್ಮ” ಎಂದು ಅಂಗಡಿಗೆ ಫೋನ್ ಮಾಡಿದ. ಇವತ್ತು ಮಾಲು ಬರುವುದಿಲ್ಲ, ನಾನು ಸುಳ್ಳು ತೂಕ ಹಾಕಿದ್ದೇನೆ, ಅಲ್ಲಿರುವುದನ್ನೂ ಮಾರಬೇಡಿ ಎಂದ. ತಪ್ಪಾಗಿದೆ ಎನ್ನಬಹುದಿತ್ತು, ಸುಳ್ಳು ಎಂದೇ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ.

“ಆರು ತಿಂಗಳಿಂದ ಹೋಗಿರೋದಕ್ಕೆ ಏನ್ ಮಾಡ್ಲಿ ಸಾರ್?”

ಸಿಕ್ಕಿಬಿದ್ದವರು ನನ್ನನ್ನು ಕೇಳುತ್ತಿದ್ದುದು ಬೇರೆ. ಏನಾದರೂ ದಾರಿ ಇದೆಯಾ, ಇದೊಂದು ಸಲ ಬಿಟ್ಟುಬಿಡಿ, ನೀವು ಯಾರ ಕಡೆಯವರು. ಕಾನೂನಿನ ಕಲಮುಗಳೆಲ್ಲ ಬಾಯಿಪಾಠ, ಆದರೆ ಇವನ ಪ್ರಶ್ನೆಗೆ ಅವುಗಳಲ್ಲಿ ಜಾಗವಿರಲಿಲ್ಲ. “ಬಾಗಿಲಿಗೆ ಒಂದು ಚೀಟಿ ಅಂಟಿಸಿ, ತಿಂದವರು ಬಂದು ಕೇಳಲಿ” ಎಂದು ಬಾಯಿಗೆ ಬಂದದ್ದು ಹೇಳಿದೆ. ಅವನು ಆಗಲೇ ರಟ್ಟು ಹುಡುಕಿ ದಪ್ಪ ಅಕ್ಷರದಲ್ಲಿ ಬರೆದ. ಆರು ತಿಂಗಳಿಂದ ಐದು ಗ್ರಾಂ ಕಡಿಮೆ ಕೊಟ್ಟಿದ್ದೇನೆ, ದಯವಿಟ್ಟು ಬಂದು ತೆಗೆದುಕೊಂಡು ಹೋಗಿ ಎಂದು. “ಮೇಷ್ಟ್ರೇ, ಕಾಗುಣಿತ ಸರಿ ಇದ್ಯಾ ನೋಡಿ” ಎಂದು ನನ್ನ ಮುಂದೆ ಹಿಡಿದ. ಸರಿಯಿತ್ತು. ನಾನು ಹೊರಡುವಾಗ ಅದು ಬಾಗಿಲ ಮೇಲಿತ್ತು, ಹೊಸ ಜೋಡಿ ಅದರ ಫೋಟೋ ತೆಗೆಯುತ್ತಿತ್ತು.

ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಒಂದೂ ಸುಳ್ಳಿರಬಾರದು, ಅದು ನನ್ನ ಹಟ. ಮನೆ ತಲುಪಿದಾಗ ಅವಳು ಅಡುಗೆಮನೆಯ ಮೇಜಿನ ಹತ್ತಿರ ಚಹಾ ಕುಡಿಯುತ್ತ ಕೂತಿದ್ದಳು. ನನಗೂ ಒಂದು ಲೋಟ ಬಗ್ಗಿಸಿದಳು.

“ಹೇಗಿತ್ತು ಮಾಮ?”

“ತೂಕದಲ್ಲಿ ಕಡಿಮೆ ಕೊಡ್ತಾನಮ್ಮ. ಒಂದೊಂದರಲ್ಲಿ ಐದು ಗ್ರಾಂ. ಆರು ತಿಂಗಳಿಂದ. ನಾನೇ ಕೈಯಾರೆ ತೂಗಿ ನೋಡಿದೆ. ಬೇಡ.”

“ಅಷ್ಟೇನಾ?”

“ಅಷ್ಟು ಸಾಲ್ದಾ?”

ಅವಳು ಲೋಟ ಕೆಳಗಿಟ್ಟಳು. “ಆಗಲೇ ಅವನು ಫೋನ್ ಮಾಡಿದ್ದ. ಯಾರೋ ಬೋಳು ತಲೆ ಗಣಿತದ ಮೇಷ್ಟ್ರು ಬಂದಿದ್ರು, ಮೇಜಿನ ಕೆಳಗೆಲ್ಲಾ ಬಗ್ಗಿ ನೋಡಿದ್ರು, ನನ್ನ ತಪ್ಪು ಹಿಡಿದು ಉಪಕಾರ ಮಾಡಿದ್ರು ಅಂದ. ಅದು ನೀನು ಅಂತ ನಾನು ಹೇಳ್ಲಿಲ್ಲ. ಉಳಿದಿದ್ದನ್ನ ನೀನೇ ಬಂದು ಹೇಳ್ತೀಯ ಅಂತ ಕಾಯ್ತಾ ಇದ್ದೆ.”

ಇಂಗು ತಿಂದ ಮಂಗನ ಹಾಗೆ ಕೂತೆ. ಚಹಾದ ಮೇಲೆ ಕಟ್ಟಿದ ಕೆನೆಯನ್ನು ಬೆರಳಿನಿಂದ ಸರಿಸಿದೆ. ಆಮೇಲೆ ಹೇಳಿದೆ, ಪೆಟ್ಟಿಗೆ ಒಳಗೆಳೆದದ್ದು, ಫೋನಿನಲ್ಲಿ ಅಂದದ್ದು, ಬಾಗಿಲ ಮೇಲಿನ ರಟ್ಟು, ತುಟಿಗೆ ಮುಟ್ಟಿಸಿ ನೋಡಿದ್ದು ಕೂಡ.

“ಇಷ್ಟೆಲ್ಲಾ ನೋಡಿ ಬೇಡ ಅಂದ್ಯಾ? ಯಾಕೆ ಮಾಮ?”

“ನೀನು ಹೋದ್ರೆ ಈ ಮನೇಲಿ ನಾನೊಬ್ಬನೇ ಆಗ್ತೀನಿ. ಅದಕ್ಕೆ.” ಹೇಳಿದ ಮೇಲೆ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಳು ಬಂದಿತ್ತು.

ಅವಳ ಕಣ್ಣಲ್ಲೂ ನೀರಿತ್ತು, ಆದರೆ ದೃಷ್ಟಿ ನನ್ನ ಮೇಲಿಂದ ಕದಲಲಿಲ್ಲ. “ಆರು ವರ್ಷದ ಹಿಂದೆ ಆ ಕಣ್ಣಿನ ಡಾಕ್ಟರನ್ನ ನೋಡ್ಕೊಂಡು ಬಂದು, ಮುಂಗೋಪಿ, ಬೇಡ ಅಂದ್ಯಲ್ಲ. ನಾನು ಮರುಮಾತಾಡದೆ ಬಿಟ್ಟೆ. ಅವತ್ತೂ ಏನಾದ್ರೂ ಹೇಳದೆ ಉಳಿಸ್ಕೊಂಡಿದ್ಯಾ?”

ಉಳಿಸಿಕೊಂಡಿದ್ದೆ. ಆತ ಕೂಗಾಡಿದ್ದು ನಿಜ. ಕೋಲು ಊರಿಕೊಂಡು ಬಂದ ಮುದುಕಿಯನ್ನು ಒಂದು ಗಂಟೆ ನಿಲ್ಲಿಸಿದ ಸಿಬ್ಬಂದಿಯ ಮೇಲೆ ಕೂಗಾಡಿದ್ದ. ಮುದುಕಿಯ ವಿಷಯ ಬಿಟ್ಟು ಕೂಗಾಟ ಮಾತ್ರ ಹೇಳಿದ್ದೆ.

“ಹೌದು” ಎಂದೆ.

ಅವಳು ಎದ್ದು ಎರಡೂ ಲೋಟ ತೊಳೆದಳು. ನಿಧಾನವಾಗಿ ತೊಳೆದಳು. ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ನಾನು ಅವನನ್ನ ಮದುವೆ ಆಗ್ತೀನಿ ಮಾಮ. ನಿನ್ನ ಕೇಳ್ತಾ ಇಲ್ಲ, ಹೇಳ್ತಾ ಇದೀನಿ.”

“ಆಗಮ್ಮ” ಎಂದೆ. ನನ್ನ ಬಾಯಿಂದ ಆ ಮಾತು ಹೊರಡುವಷ್ಟರಲ್ಲಿ ಅವಳು ಕೋಣೆಗೆ ಹೋಗಿ ಫೋನಿನಲ್ಲಿ ಮಾತು ಶುರುಮಾಡಿದ್ದಳು.