ಉಪ್ಪುದಿಬ್ಬದ ನೆಲಜೇನು

ಹೊಲದಲ್ಲಿ ಕುದುರೆಮಸಾಲೆ ಮೇವು ನೇರಳೆ ಹೂ ಬಿಟ್ಟ ವಾರವೇ ಹೊಲದಂಚಿನ ಉಪ್ಪುದಿಬ್ಬದ ಬಿಲಗಳಿಂದ ನೆಲಜೇನು ಎದ್ದವು. ಗಂಡುಗಳು ಮೊದಲು. ಹೆಣ್ಣೊಂದು ಮಣ್ಣಿನಿಂದ ತಲೆ ಎತ್ತುವುದೇ ತಡ, ಹತ್ತಾರು ಗಂಡುಗಳು ಮೇಲೆರಗಿ, ಉಂಡೆಯಾಗಿ ಉರುಳಿ, ಒಂದನ್ನೊಂದು ತುಳಿದಾಡಿದವು. ಆಮೇಲೆ ಹೆಣ್ಣುಗಳು ತಮ್ಮ ತಮ್ಮ ಬಿಲ ತೋಡಿ, ಪರಾಗದ ಉಂಡೆ ಕಟ್ಟಿ, ಒಂದೊಂದು ಮೊಟ್ಟೆ ಇಟ್ಟವು.

ಆ ಹೂವಿನ ಸ್ವಭಾವ ಹೊಲದೊಡತಿ ಜಿಪಾರಳಿಗೆ ಗೊತ್ತು. ಹುಳ ಮುಟ್ಟಿದರೆ ಒಳಗಿನ ದಂಟು ಸಿಡಿದು ಅದರ ಮುಖಕ್ಕೆ ಬಡಿಯುತ್ತದೆ. ಪೆಟ್ಟಿಗೆಯ ಜೇನು ಏಟಿಗೆ ಹೆದರಿ ಪಕ್ಕದಿಂದ ಮಕರಂದ ಕದಿಯುತ್ತದೆ. ನೆಲಜೇನು ಏಟು ತಿಂದೇ ಒಳಹೊಗುತ್ತದೆ. ಅದಿಲ್ಲದೆ ಬೀಜ ಕಟ್ಟುವುದಿಲ್ಲ. ಗಂಡ ಸತ್ತ ಮೇಲೂ ಅವಳು ಆ ದಿಬ್ಬಕ್ಕೆ ಗುದ್ದಲಿ ತಾಗಿಸಿರಲಿಲ್ಲ.

ಒಂದು ದಿನ ಮೈದುನ ಎಸೆಂಗುಲ್ ಕುಡಿದು ದಿಬ್ಬಕ್ಕೆ ಟ್ರ್ಯಾಕ್ಟರ್ ತಂದ.

"ಹುಳಕ್ಕೆ ಜಾಗ ಐತೆ, ನನ್ ಕುರಿ ದೊಡ್ಡಿಗಿಲ್ವಾ ಅತ್ತಿಗೆ? ಅಣ್ಣ ಹೋದ್ಮೇಲೆ ಹುಳನೇ ಕಟ್ಕೊಂಡ್ಯಾ?"

"ಬಾಯಿ ತೊಳ್ಕೊಂಡು ಬಾರೋ ನಾಯಿ! ಇಳಿ ಕೆಳಗೆ!"

ಅವನು ನೇಗಿಲು ಇಳಿಸಿದ. ನೆಲ ಸೀಳಿತು. ಹಳದಿ ಉಂಡೆಗಳು, ಬಿಳಿ ಮರಿಹುಳಗಳು ಮೇಲೆ ಬಿದ್ದವು, ಗೊರವಂಕಗಳು ಮುತ್ತಿಕೊಂಡವು. ಜಿಪಾರ್ ಕೈಲಿದ್ದ ಗುದ್ದಲಿ ಸಮೇತ ಟ್ರ್ಯಾಕ್ಟರ್ ಹತ್ತಿ ಅವನ ಕೊರಳಪಟ್ಟಿ ಹಿಡಿದಳು. ಅವನು ಅವಳ ಬಾಯಿಗೆ ಗುದ್ದಿದ. ಎರಡು ಹಲ್ಲು ಮುರಿದವು. ಅವಳು ಗುದ್ದಲಿಯ ಕಾವಿನಿಂದ ಅವನ ಹಣೆಗೆ ಬಾರಿಸಿ ಕೆಳಗೆ ಜಿಗಿದಳು. ಹಿಡಿತ ತಪ್ಪಿದ ಟ್ರ್ಯಾಕ್ಟರ್ ಅವನ ಸಮೇತ ದಿಬ್ಬದ ಪಕ್ಕದ ನೀರುಕಾಲುವೆಗೆ ಮಗುಚಿತು.

ಅವನ ಕಾಲು ಚಕ್ರದಡಿ ಸಿಕ್ಕಿತ್ತು. ಟ್ರ್ಯಾಕ್ಟರು ಕಾಲುವೆಗೆ ಅಡ್ಡವಾಗಿದ್ದರಿಂದ ನೀರು ಏರುತ್ತ ಗದ್ದಕ್ಕೆ ಬಂತು.

"ಅತ್ತಿಗೆ... ಸಾಯ್ತೀನಿ."

'ಸಾಯಿ' ಎಂದುಕೊಂಡಳು. ರಕ್ತ ಉಗುಳಿದಳು. ಮರುಕ್ಷಣ ಗುದ್ದಲಿ ಎತ್ತಿದಳು. ಕಾಲುವೆಯ ಮೇಲುಗಡೆ ಅಡ್ಡಕಟ್ಟಲು ಹತ್ತಿರದಲ್ಲಿದ್ದ ಮಣ್ಣೆಂದರೆ ದಿಬ್ಬದ್ದೇ. ನೇಗಿಲು ಮುಟ್ಟದೆ ಉಳಿದಿದ್ದ ಭಾಗವನ್ನೂ ಅಗೆದಳು. ಮನೆ ಕಳೆದುಕೊಂಡ ಹೆಣ್ಣುಗಳು ಅವಳ ಮುಖದ ಸುತ್ತ ಗುಂಯ್‌ಗುಟ್ಟುತ್ತಿದ್ದವು. ಬಿಲ, ಮೊಟ್ಟೆ, ಮರಿ ಎಲ್ಲವನ್ನೂ ನೀರಿಗೆ ಸುರಿದಳು. ಕಟ್ಟೆ ನಿಂತಿತು, ನೀರು ಪಕ್ಕದ ಹುಲ್ಲಿಗೆ ತಿರುಗಿತು. ಊರವರು ಬರುವವರೆಗೂ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಬಾಯಿ ತುಂಬ ಬೈಯುತ್ತ.

ನಾರಿನ್ ಪಟ್ಟಣದಲ್ಲಿ ವೈದ್ಯರು ಮೊಣಕಾಲಿನವರೆಗೆ ಕಾಲು ಕತ್ತರಿಸಿದರು. ಆ ವರ್ಷ ಮುಕ್ಕಾಲು ಹೊಲದ ಹೂ ಬೀಜ ಕಟ್ಟದೆ ಉದುರಿತು.

ಶರತ್ಕಾಲದಲ್ಲಿ ಎಸೆಂಗುಲ್ ಊರುಗೋಲು ಹಿಡಿದು ಅವಳ ಬಾಗಿಲಿಗೆ ಬಂದ.

"ಯಾಕೆ ಬಿಟ್ಬಿಡ್ಲಿಲ್ಲ ನನ್ನ?"

"ಬಿಡ್ಬೇಕು ಅಂತಾನೇ ಇತ್ತು," ಎಂದಳು ಜಿಪಾರ್, ರೊಟ್ಟಿ ಮುರಿದು ಅವನ ಮುಂದಿಡುತ್ತ. "ತಿನ್ನು. ಆದ್ರೆ ಮಾತಾಡ್ಬೇಡ."